ಮೆಕ್ಸಿಕೋದ ಜವಾರಿ ಗಾಂಜಾ ತಳಿಗಳು: ಹುಡುಕುವುದು ಹೇಗೆ, ಉಳಿಸುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾದಲ್ಲಿದ್ದೇನೆ. ಓದಿದ್ದು ಕೃಷಿ ಪದವಿ. ಇಲ್ಲಿಯ ಗೆಳೆಯರ ತಂಡವೊಂದು ಗೆರೆರೋ, ಓಹಾಕಾ, ಮಿಚೊವಕಾನ್ ಕಡೆಯ ಹಳೆಯ ಗಾಂಜಾ ತಳಿಗಳನ್ನು ಹುಡುಕಿ ಉಳಿಸಬೇಕೆಂದಿದೆ. ‘ಅಕಪುಲ್ಕೊ ಗೋಲ್ಡ್’ ಎಂಬ ಹೆಸರಿನ ಹತ್ತು ಬೀಜದ ಪೊಟ್ಟಣ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಅಸಲಿಯೇ? ನಿಜವಾದ ತಳಿಯನ್ನು ಗುರುತಿಸುವುದು, ಬೆರಕೆಯಾಗದಂತೆ ಬೆಳೆಸುವುದು, ಬೀಜ ಕೆಡದಂತೆ ಇಡುವುದು ಹೇಗೆ? ಊರಿಗೆ ಬರುವಾಗ ಸ್ವಲ್ಪ ತರಬಹುದೇ?

ಉತ್ತರ: ಪೊಟ್ಟಣದ ವಿಚಾರ ಮೊದಲು ಮುಗಿಸೋಣ. ಆ ಹತ್ತು ಬೀಜ ಅಸಲಿಯೇ ಆಗಿದ್ದರೂ ನಿಮ್ಮ ಉದ್ದೇಶಕ್ಕೆ ಸಾಲುವುದಿಲ್ಲ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಗಾಳಿಯಲ್ಲಿ ಹಾರಿ ಹೋಗಿ ಸೇರುತ್ತದೆ. ಹಾಗಾಗಿ ಒಂದೇ ಹೊಲದ ಎರಡು ಗಿಡಗಳೂ ಒಂದೇ ತರಹ ಇರುವುದಿಲ್ಲ. ಇಲ್ಲಿ ತಳಿ ಎಂದರೆ ನೂರಾರು ಗಿಡಗಳ ಒಂದು ಸಮುದಾಯ. ಹತ್ತು ಜನರನ್ನು ಕರೆತಂದರೆ ಊರನ್ನೇ ಕರೆತಂದ ಹಾಗಾಗುವುದಿಲ್ಲವಲ್ಲ.

ಇನ್ನು ಹೆಸರು. ‘ಅಕಪುಲ್ಕೊ ಗೋಲ್ಡ್’ ಎನ್ನುವುದು 1960ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಓಡಾಡಿದ ವ್ಯಾಪಾರದ ಹೆಸರು. ಗೆರೆರೋ ಗುಡ್ಡಗಳ ಸರಕಿಗೆ ಅದು ಅಂಟಿಕೊಂಡಿತು. ಆ ಹೊಂಬಣ್ಣದಲ್ಲಿ ತಳಿಯ ಪಾಲಿಗಿಂತ ಗಿಡವನ್ನು ಹೊಲದಲ್ಲೇ ಹಣ್ಣಾಗಲು ಬಿಟ್ಟು ಬಿಸಿಲು ಗಾಳಿಯಲ್ಲಿ ಒಣಗಿಸಿದ ರೀತಿಯ ಪಾಲೇ ದೊಡ್ಡದು. ಬಣ್ಣ ನೋಡಿ ತಳಿ ಹೇಳುವವರನ್ನು ನಂಬಬೇಡಿ. 2015ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು 81 ಗಾಂಜಾ ಮಾದರಿ, 43 ಹೆಂಪ್ (ನಾರು, ಬೀಜಕ್ಕಾಗಿ ಬೆಳೆಯುವ, ಅಮಲಿಲ್ಲದ ಗಾಂಜಾ) ಮಾದರಿಗಳ ಡಿಎನ್‌ಎ ಹೋಲಿಸಿತ್ತು. ಒಂದೇ ಹೆಸರು ಹೊತ್ತ ಮಾದರಿಗಳು ಎಷ್ಟೋ ಸಲ ಒಂದಕ್ಕೊಂದು ಹತ್ತಿರದ ನೆಂಟರೂ ಆಗಿರಲಿಲ್ಲ. ಪೊಟ್ಟಣದ ಮೇಲೆ ‘ಫೆಮಿನೈಸ್ಡ್’ ಎಂದಿದ್ದರಂತೂ ಸಂರಕ್ಷಣೆಯ ಮಾತೇ ಬರುವುದಿಲ್ಲ. ಹೆಣ್ಣು ಗಿಡಕ್ಕೆ ಬೆಳ್ಳಿಯ ಲವಣ ಸಿಂಪಡಿಸಿ, ಅದರಲ್ಲೇ ಗಂಡು ಹೂ ಬರಿಸಿ ಮಾಡುವ ಬೀಜ ಅದು. ಅಂಥ ಬೀಜದಲ್ಲಿ ಗಂಡಿನ ವೈ ಕ್ರೋಮೋಸೋಮ್ ಇರುವುದೇ ಇಲ್ಲ. ತಳಿಯ ಒಂದು ಭಾಗವನ್ನು ಮೊದಲೇ ಕತ್ತರಿಸಿ ಕೊಟ್ಟಂತೆ.

ಮೆಕ್ಸಿಕೋದ ತಳಿ ಎಂದಾಗ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮೆಕ್ಕೆಜೋಳದ ಹಾಗೆ ಗಾಂಜಾ ಅಲ್ಲಿನ ಮೂಲ ಬೆಳೆಯಲ್ಲ. ಅದು ಏಷ್ಯಾದ ಗಿಡ. 110 ಜೀನೋಮ್‌ಗಳನ್ನು ಹೋಲಿಸಿದ 2021ರ ಅಧ್ಯಯನ, ಅದನ್ನು ಮೊದಲು ಪಳಗಿಸಿದ್ದು ಪೂರ್ವ ಏಷ್ಯಾದಲ್ಲಿ ಎಂದು ಹೇಳಿತು. ಮೆಕ್ಸಿಕೋಗೆ ಅದನ್ನು ನಾರಿಗಾಗಿ ತಂದವರು ಸ್ಪೇನಿನವರು. ಹಡಗಿನ ಹಗ್ಗಕ್ಕೂ ಪಟಕ್ಕೂ ಬೇಕಾದ ಹೆಂಪನ್ನು ವಸಾಹತುಗಳಲ್ಲಿ ಬಿತ್ತಿಸಬೇಕೆಂದು ಸ್ಪೇನಿನ ದೊರೆ 1545ರಲ್ಲೇ ಆಜ್ಞೆ ಹೊರಡಿಸಿದ್ದ. ಅಂದರೆ ಅಲ್ಲಿನ ಯಾವ ತಳಿಗೂ ಐನೂರು ವರ್ಷ ತುಂಬಿಲ್ಲ. ಹಾಗೆಂದು ಅದರ ಬೆಲೆ ಕಡಿಮೆಯಾಗದು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ, ಆಮೇಲಿನ ಒಣ ಹವೆ, 17ರಿಂದ 25 ಡಿಗ್ರಿ ಅಕ್ಷಾಂಶದ ಹಗಲಿನ ಉದ್ದ, ಗುಡ್ಡದ ಬಡ ಮಣ್ಣು, ಇವಕ್ಕೆ ತಲೆಮಾರುಗಳಿಂದ ಒಗ್ಗಿಕೊಂಡ ಗಿಡಗಳು ಇವು. ಉಳಿಸಬೇಕಾದದ್ದು ಆ ಒಗ್ಗಿಕೆಯನ್ನು. ಅಲ್ಲಿನ ರೈತರು ಇಂಥ ಬೀಜಕ್ಕೆ ‘ಕ್ರಿಯೋಯಾ’ ಎನ್ನುತ್ತಾರೆ. ವಿಚಾರಿಸುವಾಗ ಆ ಮಾತನ್ನೇ ಬಳಸಿ.

ಇವು ಏಕೆ ಕಾಣೆಯಾದವು ಎಂಬುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕೆಂಬುದೂ ಹೊಳೆಯುತ್ತದೆ. ಮೆಕ್ಸಿಕೋ ಗಾಂಜಾವನ್ನು ನಿಷೇಧಿಸಿದ್ದು 1920ರಲ್ಲಿ. ಆದರೆ ನಿಷೇಧದಿಂದ ತಳಿ ಅಳಿಯಲಿಲ್ಲ, ಗುಡ್ಡ ಹತ್ತಿತು ಅಷ್ಟೇ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ನೆರವಿನೊಂದಿಗೆ ಸಿನಲೋವಾ, ದುರಾಂಗೋ, ಚಿವಾವಾ ಸೇರುವ ಗುಡ್ಡಸಾಲಿನಲ್ಲಿ ದೊಡ್ಡ ಕಾರ್ಯಾಚರಣೆ ನಡೆಯಿತು. ಹೆಲಿಕಾಪ್ಟರಿನಿಂದ ಪ್ಯಾರಾಕ್ವಾಟ್ ಕಳೆನಾಶಕ ಸುರಿದರು. ಅದೇ ಹೊತ್ತಿಗೆ ಗಂಡು ಗಿಡಗಳನ್ನು ಕಿತ್ತು ಬೀಜವಿಲ್ಲದ ಸರಕು ಬೆಳೆಯುವ ‘ಸಿನ್‌ಸೆಮಿಯಾ’ ಪದ್ಧತಿಗೆ ಒಳ್ಳೆಯ ದರ ಸಿಗತೊಡಗಿತು. ನನ್ನ ಲೆಕ್ಕದಲ್ಲಿ ತಳಿಗೆ ವಿಷಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಇದೇ. ಬೀಜವಿಲ್ಲದ ಬೆಳೆಯಿಂದ ರೈತ ಮುಂದಿನ ವರ್ಷಕ್ಕೆ ಬೀಜ ಎತ್ತಿಡುವುದು ಎಲ್ಲಿಂದ? ಬೀಜ ಕೊಂಡು ತರಬೇಕು. ಕೊಂಡು ತಂದದ್ದು ಹೊರಗಿನದು. ಹಳೆಯ ಪದ್ಧತಿಯಲ್ಲಿ ಬೀಜ ಸಮೇತ ಅದುಮಿ ಇಟ್ಟಿಗೆಯಂತೆ ಕಟ್ಟಿ ಕಳಿಸುತ್ತಿದ್ದ ಕಳಪೆ ಸರಕೇ ಒಂದು ಲೆಕ್ಕದಲ್ಲಿ ಬೀಜದ ಉಗ್ರಾಣವಾಗಿತ್ತು. ಕ್ಯಾಲಿಫೋರ್ನಿಯಾದವರು ತಳಿ ಬೆರೆಸಲು ಶುರುಮಾಡಿದ್ದು ಆ ಬೀಜಗಳಿಂದಲೇ. ಹಾಗೆ ಹುಟ್ಟಿದ ಹೆಸರಾಂತ ಬೆರಕೆ ತಳಿ ‘ಸ್ಕಂಕ್ ನಂಬರ್ 1’ಗೆ ಮೆಕ್ಸಿಕೋ, ಕೊಲಂಬಿಯಾ, ಅಫ್ಘಾನಿಸ್ತಾನದ ಗಿಡಗಳು ಪೂರ್ವಜರೆಂದು ಹೇಳುವುದುಂಟು.

ಅಂಥ ಅಫ್ಘನ್ ಬೆರಕೆಯ ಹೈಬ್ರಿಡ್‌ಗಳು ಆಮೇಲೆ ಗಡಿ ದಾಟಿ ಮೆಕ್ಸಿಕೋಗೇ ಹಿಂತಿರುಗಿದವು. ಬೇಗ ಹೂ ಬಿಡುತ್ತವೆ, ಕುಳ್ಳಗಿರುತ್ತವೆ, ದರ ಹೆಚ್ಚು. ರೈತ ಬೇಡವೆನ್ನಲು ಕಾರಣವಿರಲಿಲ್ಲ. ಬೇಡವೆಂದ ಪಕ್ಕದ ಹೊಲದವನ ಗಿಡಗಳಿಗೂ ಪರಾಗ ಹೋಗಿ ಬಿದ್ದಿತು. 2014ರಲ್ಲಿ ಅಮೆರಿಕದ ಕೊಲರಾಡೋ, ವಾಷಿಂಗ್ಟನ್ ರಾಜ್ಯಗಳಲ್ಲಿ ಅಧಿಕೃತ ಅಂಗಡಿಗಳು ತೆರೆದ ಮೇಲೆ ಮೆಕ್ಸಿಕೋದ ಸಾಮಾನ್ಯ ಸರಕಿನ ಬೆಲೆ ಕುಸಿಯಿತು. ಎಷ್ಟೋ ಹೊಲಗಳಲ್ಲಿ ಬಿತ್ತುವುದೇ ನಿಂತಿತು. 2020ರಲ್ಲಿ ಸಸ್ಯವಿಜ್ಞಾನಿಗಳಾದ ಜಾನ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಮತ್ತು ಅರ್ನೆಸ್ಟ್ ಸ್ಮಾಲ್ ಗಾಂಜಾದ ವರ್ಗೀಕರಣವನ್ನು ಪರಿಷ್ಕರಿಸಿದಾಗ, ಇಂಥ ಬೆರಕೆಯಿಂದಲೇ ದಕ್ಷಿಣ ಏಷ್ಯಾ ಮತ್ತು ಮಧ್ಯ ಏಷ್ಯಾದ ಮೂಲ ಸಮುದಾಯಗಳು ಅಳಿವಿನಂಚಿಗೆ ಬಂದಿವೆ ಎಂದು ಎಚ್ಚರಿಸಿದ್ದರು. ಮೆಕ್ಸಿಕೋದ ಕಥೆಯೂ ಬೇರೆಯಲ್ಲ.

ಹುಡುಕಾಟಕ್ಕೆ ಹೊರಡುವ ಮುನ್ನ ಕಾನೂನು. ಮೆಕ್ಸಿಕೋದ ಸರ್ವೋಚ್ಚ ನ್ಯಾಯಾಲಯ 2021ರ ಜೂನ್ 28ರಂದು ವಯಸ್ಕರ ಸ್ವಂತ ಬಳಕೆಯ ಮೇಲಿನ ಸಂಪೂರ್ಣ ನಿಷೇಧವನ್ನು ಅಸಾಂವಿಧಾನಿಕ ಎಂದಿತು. ಅದರಂತೆ ಆರೋಗ್ಯ ನಿಯಂತ್ರಣ ಸಂಸ್ಥೆ ಕೊಫೆಪ್ರಿಸ್‌ನಿಂದ ಸ್ವಂತ ಬಳಕೆಗೆ ಅನುಮತಿ ಕೇಳಬಹುದು. ಆದರೆ ಆ ಅನುಮತಿಯಲ್ಲಿ ಮಾರಾಟಕ್ಕಾಗಲಿ ಹಂಚಿಕೆಗಾಗಲಿ ಜಾಗವಿಲ್ಲ. ತಳಿ ಉಳಿಸಲು ಬೇಕಾಗುವ, ಮುಂದೆ ಹೇಳುವ ನೂರಿಪ್ಪತ್ತು ಗಿಡದ ಬೀಜೋತ್ಪಾದನೆಯನ್ನು ಸ್ವಂತ ಬಳಕೆ ಎಂದು ಯಾರಿಗೂ ಒಪ್ಪಿಸಲಾಗದು. ಸಂಶೋಧನೆಗಾಗಿ ಬಿತ್ತುವ ದಾರಿ 2021ರ ಜನವರಿಯ ವೈದ್ಯಕೀಯ ನಿಯಮಾವಳಿಯಲ್ಲಿದೆ. ಅದಕ್ಕೆ ವಿಶ್ವವಿದ್ಯಾಲಯವೋ ಸಂಶೋಧನಾ ಸಂಸ್ಥೆಯೋ ಅರ್ಜಿದಾರನಾಗಿರುವುದು ಒಳ್ಳೆಯದು, ಮತ್ತು ಸಸ್ಯ ಆರೋಗ್ಯ ಸಂಸ್ಥೆ ಸೆನಾಸಿಕಾದ ಒಪ್ಪಿಗೆಯೂ ಬೇಕು. ನಿಮ್ಮ ತಂಡ ಗೆಳೆಯರ ಗುಂಪಾಗಿಯೇ ಉಳಿದರೆ ಮುಂದೆ ಬರುವ ಬೆಳೆಸುವ ಹಂತಕ್ಕೆ ಕೈ ಹಾಕಲೇಬೇಡಿ. ಮಾಹಿತಿ ಸಂಗ್ರಹವನ್ನಷ್ಟೇ ಮಾಡಿ, ಬೀಜದ ಕೆಲಸವನ್ನು ಸಂಸ್ಥೆಯ ಹೆಗಲಿಗೆ ಹಾಕಿ.

ಇದಕ್ಕಿಂತ ದೊಡ್ಡ ವಿಷಯ ಪ್ರಾಣದ್ದು. ಗೆರೆರೋ, ಮಿಚೊವಕಾನ್, ಸಿನಲೋವಾದ ಗುಡ್ಡಗಾಡಿನಲ್ಲಿ ಶಸ್ತ್ರಸಜ್ಜಿತ ಗುಂಪುಗಳ ಹಿಡಿತವಿದೆ. ಹೊರಗಿನವರು, ಅದರಲ್ಲೂ ವಿದೇಶಿಯರು, ಹೊಲ ಹುಡುಕಿಕೊಂಡು ಹೋಗುವುದು ಹುಚ್ಚುತನ. ಆ ಭಾಗದಲ್ಲಿ ಮೊದಲಿನಿಂದ ಜವಾರಿ ಮೆಕ್ಕೆಜೋಳ, ಹುರುಳಿಕಾಯಿ ಬೀಜದ ಕೆಲಸ ಮಾಡುತ್ತಿರುವ ಕೃಷಿ ಸಂಘಟನೆಗಳ ಮೂಲಕವೇ ಹೋಗಬೇಕು. ಓಹಾಕಾದಲ್ಲಿ ಮೆಕ್ಕೆಜೋಳಕ್ಕೆ ಸಮುದಾಯ ಬೀಜ ಬ್ಯಾಂಕುಗಳಿವೆ; ನಂಬಿಕೆ ಬೆಳೆಸಿಕೊಂಡಿರುವ ಅಂಥವರ ಜತೆ ಒಂದೆರಡು ಹಂಗಾಮು ಮೆಕ್ಕೆಜೋಳದ ಕೆಲಸವನ್ನೇ ಮಾಡಿ. ಬೀಜ ಕೊಡುವವನ ಸುರಕ್ಷತೆಯೂ ನಿಮ್ಮದೇ ಹೊಣೆ. ಮೆಕ್ಸಿಕೋದ ದಂಡಸಂಹಿತೆಯ 198ನೇ ಕಲಮಿನ ಪ್ರಕಾರ, ಹೆಚ್ಚು ಓದಿಲ್ಲದ, ಕಡು ಬಡತನದ ರೈತ ಗಾಂಜಾ ಬಿತ್ತಿದ್ದಕ್ಕೂ ಒಂದರಿಂದ ಆರು ವರ್ಷ ಸೆರೆಯಿದೆ. ಆದ್ದರಿಂದ ತಳಿಗಳ ಬೀಜ ಕಾಪಿಡುವ ಜೀನ್ ಬ್ಯಾಂಕಿನ ಮಾಮೂಲಿ ನಮೂನೆಯಲ್ಲಿ ಕೇಳುವ ಜಿಪಿಎಸ್ ಬಿಂದು, ರೈತನ ಹೆಸರು, ಫೋಟೊ ಯಾವುದನ್ನೂ ದಾಖಲಿಸಬೇಡಿ. ತಾಲ್ಲೂಕಿನ ಮಟ್ಟದ ಸ್ಥಳ, 100 ಮೀಟರ್ ಅಂತರದಲ್ಲಿ ಎತ್ತರ, ಇಳಿಜಾರಿನ ದಿಕ್ಕು, ಮಣ್ಣು ಸಾಕು. ಮೊಬೈಲ್ ಫೋಟೊದೊಳಗೆ ಸ್ಥಳದ ಮಾಹಿತಿ ತಾನಾಗಿ ಸೇರಿಕೊಳ್ಳುತ್ತದೆ; ಎಲೆಯ ಚಿತ್ರ ತೆಗೆಯುವುದಾದರೂ ಆ ಸೌಲಭ್ಯವನ್ನು ಆರಿಸಿಡಿ.

ರೈತನೊಂದಿಗೆ ಮಾತಿಗೆ ಕೂತಾಗ “ಇದು ಹಳೆಯ ತಳಿಯಾ?” ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದದ್ದು ಕೆಲಸದ ಪ್ರಶ್ನೆಗಳನ್ನು: ಮಳೆ ಬಿದ್ದು ಎಷ್ಟು ದಿನಕ್ಕೆ ಬಿತ್ತುತ್ತೀರಿ? ಕೊಯ್ಲು ಸತ್ತವರ ಹಬ್ಬಕ್ಕಿಂತ ಮೊದಲೋ ಆಮೇಲೋ? ಗಂಡು ಗಿಡ ಎಷ್ಟು ಬಿಡುತ್ತೀರಿ, ಯಾವಾಗ ಕೀಳುತ್ತೀರಿ? ಬೀಜ ಯಾವ ಗಿಡದಿಂದ ಎತ್ತಿಡುತ್ತೀರಿ? ಕೊನೆಯ ಸಲ ಹೊರಗಿನಿಂದ ಬೀಜ ತಂದದ್ದು ಯಾವಾಗ? ಕಣಿವೆಯಲ್ಲಿ ಬೇರೆ ಯಾರು ಬೆಳೆಯುತ್ತಾರೆ? ಸತ್ತವರ ಹಬ್ಬ ನವೆಂಬರ್ 2ಕ್ಕೆ. ಮೇ–ಜೂನ್‌ನಲ್ಲಿ ಬಿತ್ತಿ ಅದರ ಆಚೆ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಕೊಯ್ಯುವುದಾದರೆ ಆಸೆ ಇಟ್ಟುಕೊಳ್ಳಬಹುದು. ಸೆಪ್ಟೆಂಬರಿಗೇ ಕೊಯ್ಲು ಮುಗಿಯುತ್ತದೆ ಎಂದರೆ ಅದು ಹೈಬ್ರಿಡ್, ಸಂಶಯ ಬೇಡ.

ಗಿಡದ ಲಕ್ಷಣ ನೋಡುವುದಾದರೆ: ಕಿರಿದಾದ, ಬೆರಳಿನಂಥ ಉಪಎಲೆಗಳು, ಸಾಮಾನ್ಯವಾಗಿ 7ರಿಂದ 9, ಗೆಣ್ಣುಗಳ ನಡುವೆ ಉದ್ದ ಅಂತರ, ಮಳೆಗಾಲದಲ್ಲೇ ಬಿತ್ತಿದ್ದರೆ ಮೂರು ಮೀಟರ್ ದಾಟುವ ಎತ್ತರ, ಸಡಿಲವಾದ ಹೂಗೊಂಚಲು. ಸಡಿಲ ಗೊಂಚಲು ಒಂದು ಕೊರತೆಯಲ್ಲ. ಮಳೆಯ ಕೊನೆಯಲ್ಲಿ ಹೂ ಬಿಡುವ ಗಿಡದಲ್ಲಿ ಗಾಳಿ ಆಡಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಅಗಲ ಎಲೆ, ಒತ್ತಾದ ಗಡ್ಡೆಯಂಥ ಹೂ, ಗೆಣ್ಣು ಹತ್ತಿರ ಹತ್ತಿರ ಇದ್ದರೆ ಅಫ್ಘನ್ ರಕ್ತ ಸೇರಿದೆ ಎಂದೇ ತಿಳಿಯಿರಿ. ಸಂಸ್ಥೆಯ ಪ್ರಯೋಗಾಲಯ ಸಿಕ್ಕರೆ ಸುವಾಸನೆಯ ರಾಸಾಯನಿಕಗಳನ್ನು ಪರೀಕ್ಷಿಸಬಹುದು. ಗಾಂಜಾ ಸಂಶೋಧಕ ಕಾರ್ಲ್ ಹಿಲಿಗ್ 2004ರಲ್ಲಿ ತೋರಿಸಿದಂತೆ ಗ್ವಾಯಾಲ್ ಮತ್ತು ಯೂಡೆಸ್ಮಾಲ್‌ಗಳು ಅಫ್ಘನ್ ಮೂಲದ ಗಿಡಗಳಲ್ಲಿ ಎದ್ದು ಕಾಣುತ್ತವೆ. ಹೊಲದ ಬಹುತೇಕ ಗಿಡಗಳಲ್ಲಿ ಅವು ಗಣನೀಯವಾಗಿ ಸಿಕ್ಕರೆ ಆ ಹೊಲವನ್ನು ಕೈಬಿಡಿ. ಒಂದೆರಡರಲ್ಲಿ ಮಾತ್ರ ಸಿಕ್ಕರೆ ಆ ಗಿಡಗಳ ಬೀಜವನ್ನಷ್ಟೇ ಬೇರೆ ಇಡಿ. ಪೂರ್ತಿ ಶುದ್ಧವಾದದ್ದೇ ಬೇಕೆಂದು ಕೂತರೆ ಕೈಗೆ ಏನೂ ಸಿಗದ ಕಾಲ ಇದು.

ಬೀಜವನ್ನು ಎಷ್ಟು ಗಿಡದಿಂದ ತೆಗೆಯಬೇಕು? ಇದಕ್ಕೆ ಲೆಕ್ಕವಿದೆ. ಸಮುದಾಯದಲ್ಲಿ ನೂರಕ್ಕೆ ಐದರಷ್ಟು ಇರುವ ಒಂದು ಗುಣದ ಜೀನ್ ರೂಪ ನಮ್ಮ ಸಂಗ್ರಹದಲ್ಲಿ ತಪ್ಪಿಹೋಗುವ ಸಂಭವ, ಪ್ರತಿ ಗಿಡಕ್ಕೆ ಎರಡರಂತೆ ಅಷ್ಟು 0.95ಗಳನ್ನು ಒಂದಕ್ಕೊಂದು ಗುಣಿಸಿದಷ್ಟು. 30 ಗಿಡಕ್ಕೆ 0.95ರ 60ನೇ ಘಾತ, ಅಂದರೆ ಸುಮಾರು 0.046. ನೂರಕ್ಕೆ 95 ಸಲ ಅದು ನಿಮ್ಮ ಚೀಲದಲ್ಲಿರುತ್ತದೆ. ಹತ್ತೇ ಗಿಡವಾದರೆ ತಪ್ಪಿಹೋಗುವ ಸಂಭವ 36%ಕ್ಕೆ ಏರುತ್ತದೆ. ಆದ್ದರಿಂದ 30 ಕನಿಷ್ಠ, 50 ಸಿಕ್ಕರೆ ಒಳ್ಳೆಯದು. ಹೊಲದ ಉದ್ದಕ್ಕೂ ಅಡ್ಡಾದಿಡ್ಡಿ ನಡೆದು, ಚೆಂದದ್ದು ಸಣಕಲು ಎಂದು ನೋಡದೆ, ಪ್ರತಿ ಗಿಡದಿಂದ ಒಂದೇ ಸಮ 50ರಿಂದ 100 ಬೀಜ ತೆಗೆಯಿರಿ. ಪ್ರತಿ ತಾಯಿಗಿಡಕ್ಕೂ ಬೇರೆ ಕಾಗದದ ಲಕೋಟೆ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ನಾಳೆ ಒಂದು ಗಿಡ ಬೆರಕೆ ಎಂದು ತಿಳಿದಾಗ ಬೇರ್ಪಡಿಸಲು ದಾರಿಯಿರುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ. ಹಸಿ ಬೀಜ ಬೆವತು ಬೂಷ್ಟು ಹಿಡಿಯುತ್ತದೆ.

ಬೀಜ ಹೆಚ್ಚಿಸುವ ಹಂತದಲ್ಲೇ ಹೆಚ್ಚಿನವರು ತಳಿ ಕಳೆದುಕೊಳ್ಳುವುದು. ತಳಿಶಾಸ್ತ್ರದಲ್ಲಿ ಗಿಡಗಳ ತಲೆ ಎಣಿಸಿದರೆ ಸಾಲದು, ‘ಪರಿಣಾಮಕಾರಿ ಸಂಖ್ಯೆ’ ನೋಡಬೇಕು. ಗಂಡು ಹೆಣ್ಣು ಬೇರೆಬೇರೆ ಇರುವ ಬೆಳೆಯಲ್ಲಿ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಗಿಡಗಳಿಂದ ಭಾಗಿಸಬೇಕು. 40 ಗಂಡು, 40 ಹೆಣ್ಣು ಇದ್ದರೆ ಬರುವುದು 80. ಗಂಡು ಗಿಡ ಜಾಗಕ್ಕೆ ದಂಡವೆಂದು ಎರಡನ್ನೇ ಉಳಿಸಿ 50 ಹೆಣ್ಣು ಬೆಳೆಸಿದರೆ? 400 ಭಾಗಿಸು 52, ಎಂಟೂ ಇಲ್ಲ! ಕಣ್ಣಿಗೆ 52 ಗಿಡದ ತೋಟ, ತಳಿಯ ಮಟ್ಟಿಗೆ ಎಂಟು ಗಿಡ. ಒಂದು ಪೀಳಿಗೆಗೆ ಕಳೆದುಹೋಗುವ ವೈವಿಧ್ಯ, ಆ ಸಂಖ್ಯೆಯ ಎರಡರಷ್ಟರಿಂದ ಒಂದನ್ನು ಭಾಗಿಸಿದಷ್ಟು. 80ಕ್ಕೆ ಅದು 0.6%, ಎಂಟಕ್ಕಿಂತ ಕಡಿಮೆಯಾದರೆ 6.5%. ನಿಮ್ಮ ಹತ್ತು ಬೀಜದ ಪೊಟ್ಟಣದಲ್ಲಿ ಐದು ಗಂಡು ಐದು ಹೆಣ್ಣು ಬಂದು ಎಲ್ಲವೂ ಬದುಕಿದರೂ ಐದು ಪೀಳಿಗೆಯಲ್ಲಿ ವೈವಿಧ್ಯದ ಕಾಲುಭಾಗದಷ್ಟು ಹೋಗಿರುತ್ತದೆ. ಹಾಗಾಗಿ 150ರಿಂದ 160 ಬೀಜ ಹಾಕಿ, 60 ಗಂಡು 60 ಹೆಣ್ಣಿನ ಗುರಿ ಇಟ್ಟುಕೊಳ್ಳಿ. ಪ್ರತಿ ತಾಯಿಯ ಲಕೋಟೆಯಿಂದಲೂ ಸಮನಾಗಿ ಬೀಜ ತೆಗೆದು ಬಿತ್ತಿ.

ಅಷ್ಟು ಗಿಡಕ್ಕೆ ಜಾಗ ಎಲ್ಲಿ ಎನ್ನಬೇಡಿ. ಬೀಜಕ್ಕಾಗಿ ಬೆಳೆಯುವಾಗ ಮೂರು ಮೀಟರಿನ ಗಿಡ ಬೇಕಿಲ್ಲ. ಆಗಸ್ಟ್ ಕೊನೆಯಲ್ಲಿ ಬಿತ್ತಿದರೆ ಹಗಲು ಕುಗ್ಗುತ್ತಿರುವುದರಿಂದ ಗಿಡ ಒಂದು, ಒಂದೂವರೆ ಮೀಟರಿಗೇ ಹೂವಿಗೆ ಬರುತ್ತದೆ. ಹತ್ತು ಲೀಟರಿನ ಕುಂಡ, 60 ಸೆಂ.ಮೀ. ಅಂತರ ಸಾಕು, ಒಂದೊಂದು ಹೆಣ್ಣು ಗಿಡವೂ ನೂರಾರು ಬೀಜ ಕೊಡುತ್ತದೆ. ಆದರೆ ಇದನ್ನು ಮೆಕ್ಸಿಕೋದ ಅಕ್ಷಾಂಶದಲ್ಲೇ ಮಾಡಬೇಕು. ಓಹಾಕಾ ಇರುವ 17 ಡಿಗ್ರಿಯಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಗಿಡ್ಡದ್ದು 11 ಗಂಟೆ ಚಿಲ್ಲರೆ. ಹಗಲಿನ ಉದ್ದ ಹನ್ನೆರಡು ಗಂಟೆಯ ಆಸುಪಾಸಿಗೆ ಇಳಿದ ಮೇಲೆ ಹೂವಿಗೆ ತಿರುಗುವ ಗಿಡ ಪೂರ್ತಿ ಬಲಿಯಲು ಇನ್ನೂ 12ರಿಂದ 16 ವಾರ ಬೇಕು. ಇದೇ ಬೀಜವನ್ನು ಯುರೋಪಿನಲ್ಲಿ ಬಯಲಿಗೆ ಹಾಕಿದರೆ ಬಲಿಯುವ ಮೊದಲೇ ಹಿಮ ಬೀಳುತ್ತದೆ. ಉಳಿದು ಬೀಜ ಕೊಡುವವು ಬೇಗ ಹೂ ಬಿಟ್ಟ ಒಂದೆರಡು ಮಾತ್ರ. ನಾಲ್ಕು ಪೀಳಿಗೆ ಹಾಗೆ ಮಾಡಿದರೆ ಹೆಸರು ಓಹಾಕಾದ್ದೇ ಇರುತ್ತದೆ, ಗಿಡ ಬೇರೆಯದಾಗಿರುತ್ತದೆ. ಹೊರದೇಶದ ಹಲವು ‘ಲ್ಯಾಂಡ್‌ರೇಸ್’ (ಜವಾರಿ ತಳಿ) ಮಾರಾಟಗಾರರ ಸರಕು ಇಂಥದ್ದೇ.

ಪರಾಗದಿಂದ ದೂರ ಇಡುವುದು ಇದಕ್ಕಿಂತ ಕಷ್ಟ. ಒಂದೇ ಗಿಡದಲ್ಲಿ ಗಂಡು ಹೆಣ್ಣು ಹೂ ಬಿಡುವ ಹೆಂಪಿನ ಮೂಲಬೀಜಕ್ಕೆ ಯುರೋಪಿನ ನಿಯಮ ಕೇಳುವ ಅಂತರ 5 ಕಿಲೋಮೀಟರ್. ಮೊರಾಕ್ಕೋದ ಗಾಂಜಾ ಪರಾಗ ಸಮುದ್ರ ದಾಟಿ ಸ್ಪೇನಿನ ಮಲಗಾದ ಗಾಳಿಯಲ್ಲಿ ಸಿಕ್ಕಿರುವುದೂ ದಾಖಲಾಗಿದೆ. ಪ್ರತಿ ಪೀಳಿಗೆಯಲ್ಲೂ ಪರಾಗದ 5% ಹೊರಗಿನಿಂದ ಬಂದರೆ ಹತ್ತು ಪೀಳಿಗೆಗೆ ನಿಮ್ಮ ತಳಿಯ ಐದನೇ ಒಂದು ಭಾಗಕ್ಕೂ ಹೆಚ್ಚು ಪರಕೀಯವಾಗಿರುತ್ತದೆ. ಗ್ವಾದಲಹಾರಾದಂಥ ನಗರದ ಸುತ್ತ ಬಯಲಿನಲ್ಲಿ ಮಾಡುವ ಯೋಚನೆ ಬಿಡಿ. ಒಳಬರುವ ಗಾಳಿಗೆ ಅತಿ ಸಣ್ಣ ಕಣವನ್ನೂ ತಡೆಯುವ ಹೆಪಾ ಸೋಸುಕ ಹಾಕಿದ, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವ ಹಸಿರುಮನೆ ಬೇಕು. ಒಂದು ಮನೆಗೆ ಒಂದು ಹಂಗಾಮಿಗೆ ಒಂದೇ ತಳಿ. ಬೇರೆ ಗಾಂಜಾ ತೋಟಕ್ಕೆ ಹೋಗಿ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಒಳಹೋಗಬೇಕು. ನೀರು ತಾಗಿದ ಪರಾಗ ಸಾಯುತ್ತದೆ, ಆದ್ದರಿಂದ ಬಾಗಿಲ ಬಳಿ ನೆಲ, ಗೋಡೆಗಳಿಗೆ ನೀರು ಸಿಂಪಡಿಸುವುದು ಖರ್ಚಿಲ್ಲದ ಉಪಾಯ.

ಗಂಡು ಹೂ ಅರಳುವಾಗ ಒಂದೆರಡು ಗಂಡುಗಳೇ ಎಲ್ಲ ಹೆಣ್ಣುಗಳಿಗೂ ತಂದೆಯಾಗಿಬಿಡುವ ಅಪಾಯವಿದೆ. ಮೊದಲು ಅರಳಿದವುಗಳ ಪರಾಗವನ್ನು ಬೆಳಿಗ್ಗೆ, ಒಣ ಹೊತ್ತಿನಲ್ಲಿ ಕಾಗದದ ಮೇಲೆ ಕೊಡವಿ, ಜರಡಿ ಹಿಡಿದು, ಸಿಲಿಕಾ ಜೆಲ್ ಜತೆ ಒಣಗಿಸಿ ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ಒಂದೆರಡು ವಾರದಲ್ಲಿ ನಿಸ್ಸತ್ವವಾಗುತ್ತದೆ. ಎಲ್ಲ ಗಂಡುಗಳದೂ ಕೈಗೆ ಬಂದ ಮೇಲೆ ಸಮಪ್ರಮಾಣದಲ್ಲಿ ಬೆರೆಸಿ, ಹಿಟ್ಟಿನೊಂದಿಗೆ ಕಲಸಿ, ಮೆದು ಕುಂಚದಿಂದ ಹೆಣ್ಣು ಹೂಗಳಿಗೆ ಸವರಿ. ನಾಲ್ಕರಿಂದ ಆರು ವಾರಕ್ಕೆ ಬೀಜ ಬಲಿಯುತ್ತದೆ: ಸಿಪ್ಪೆ ಕಂದಾಗಿ, ಮೇಲೆ ಚುಕ್ಕೆ ಗೆರೆ ಮೂಡಿ, ಮುಚ್ಚಿದ ಪುಟ್ಟ ಎಲೆ ಒಣಗಿ ಬಾಯಿ ಬಿಡುತ್ತದೆ. ಬಿಳಿ, ಹಸಿರು ಬೀಜ ಎಳೆಯದು. ಅದನ್ನು ಒಣಗಿಸಿ ಇಟ್ಟರೂ ಬಾಳುವುದಿಲ್ಲ.

ಉಷ್ಣವಲಯದ ಈ ತಳಿಗಳಲ್ಲಿ ಕೆಲವು ಹೆಣ್ಣು ಗಿಡಗಳು ಕೊನೆಗಾಲದಲ್ಲಿ ಒಂದೆರಡು ಗಂಡು ಹೂ ಬಿಡುತ್ತವೆ. ಕಂಡ ಕೂಡಲೇ ಕಿತ್ತೆಸೆಯುವುದು ವ್ಯಾಪಾರಿ ಬೆಳೆಗಾರರ ಅಭ್ಯಾಸ. ಸಂರಕ್ಷಣೆಯಲ್ಲಿ ಅದು ಸರಿಯಲ್ಲ. ಆ ಹೂಗಳನ್ನು ಚಿವುಟಿ, ಗಿಡದ ಸಂಖ್ಯೆ ಬರೆದಿಟ್ಟು, ಗಿಡವನ್ನು ಉಳಿಸಿ. ಆರಂಭದಿಂದಲೇ ಎರಡೂ ಹೂ ಸಮಸಮ ಬಿಡುವ ಗಿಡವನ್ನು ಮಾತ್ರ ತೆಗೆಯಿರಿ. ಅದು ತನಗೆ ತಾನೇ ಪರಾಗ ಕೊಟ್ಟುಕೊಂಡು ಲೆಕ್ಕ ಕೆಡಿಸುತ್ತದೆ. ಇದನ್ನು ಬಿಟ್ಟರೆ ಯಾವ ಆಯ್ಕೆಯೂ ಕೂಡದು. ಘಮ ಚೆನ್ನಾಗಿದೆ, ಅಮಲು ಜಾಸ್ತಿ, ಬಣ್ಣ ಚೆಂದ ಎಂದು ಆರಿಸಿದ ದಿನವೇ ನೀವು ಹೊಸ ತಳಿ ಮಾಡಲು ಹೊರಟಿರಿ ಎಂದು ಅರ್ಥ. ರೋಗದ ಮಾತು ಬೇರೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾದಲ್ಲಿ ಪತ್ತೆಯಾದ ಹಾಪ್ ಲೇಟೆಂಟ್ ವೈರಾಯ್ಡ್ (ವೈರಸ್ಸಿಗಿಂತಲೂ ಚಿಕ್ಕ ರೋಗಕಾರಕ) ಬೀಜದ ಮೂಲಕವೂ ದಾಟಬಲ್ಲದು. ಗಿಡಗಳನ್ನು ಅದಕ್ಕೆ ಆರ್‌ಟಿ–ಪಿಸಿಆರ್ ಪರೀಕ್ಷೆಗೆ ಒಳಪಡಿಸಿ, ಸೋಂಕಿದ್ದದ್ದನ್ನು ಹೂವಿಗೆ ಮೊದಲೇ ತೆಗೆಯಿರಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಬ್ಲೀಚಿನಲ್ಲಿ ಅದ್ದದೆ ಬಳಸಬೇಡಿ.

ಬೀಜ ಇಡುವ ವಿಚಾರ. ಗಾಂಜಾ ಬೀಜದಲ್ಲಿ ಮೂರನೇ ಒಂದು ಭಾಗದಷ್ಟು ಎಣ್ಣೆ. ಸೆಕೆ, ತೇವ ಇರುವ ಕಡೆ ಡಬ್ಬಿಯಲ್ಲಿಟ್ಟರೆ ಎರಡು ಮೂರು ವರ್ಷಕ್ಕೆ ಮುಗ್ಗಿ ಮೊಳಕೆ ಕಳೆದುಕೊಳ್ಳುತ್ತದೆ. ಆದರೆ ಒಣಗಿಸಿ ತಣ್ಣಗಿಟ್ಟರೆ ದಶಕಗಳ ಕಾಲ ಬಾಳುವ ಜಾತಿಯ ಬೀಜ ಇದು. ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ನಿಯಮವೆಂದಿದೆ: ತೇವಾಂಶ 1% ಇಳಿದರೆ ಆಯುಸ್ಸು ಇಮ್ಮಡಿ, ಉಷ್ಣತೆ 5.6 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಸ್ಥೂಲ ಲೆಕ್ಕವಾದರೂ ದಾರಿ ತೋರಿಸುತ್ತದೆ. 10% ತೇವವನ್ನು 6%ಕ್ಕೆ ಇಳಿಸಿದರೆ ಆಯುಸ್ಸು ಹದಿನಾರು ಪಟ್ಟು. ಒಣಗಿಸದೆ ನೇರ ಫ್ರೀಜರಿಗೆ ಹಾಕಿದರೆ ಮಾತ್ರ ಒಳಗಿನ ನೀರು ಹರಳುಗಟ್ಟಿ ಭ್ರೂಣವನ್ನೇ ಸೀಳುತ್ತದೆ. ಮೊದಲು ಒಣಗಿಸುವುದು, ಆಮೇಲೆ ತಂಪು.

ಬಿಸಿಲು, ಓವನ್ ಬೇಡ. ಬೀಜವನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ಅಷ್ಟೇ ತೂಕದ ಸಿಲಿಕಾ ಜೆಲ್ ಜತೆ ಗಾಳಿಯಾಡದ ಗಾಜಿನ ಜಾಡಿಯಲ್ಲಿ ಇಡಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ವಿಷವಿದೆ. ಬಣ್ಣ ತಿರುಗಿದಾಗ ಜೆಲ್ಲನ್ನು 110–120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ಆರಿಸಿ ಮತ್ತೆ ಹಾಕಬಹುದು. ಎಲ್ಲಿಯವರೆಗೆ ಒಣಗಿಸಬೇಕೆಂದು ತಿಳಿಯಲು ತಕ್ಕಡಿ ಸಾಕು. 100 ಗ್ರಾಂ ಬೀಜ 10% ತೇವದಲ್ಲಿದ್ದರೆ 6%ಕ್ಕೆ ಇಳಿದಾಗ ಅದರ ತೂಕ 100 × 90 ÷ 94, ಅಂದರೆ 95.7 ಗ್ರಾಂ ಆಗಬೇಕು. ಆರಂಭದ ತೇವಾಂಶ ತಿಳಿಯಲು ಸ್ವಲ್ಪ ಬೀಜವನ್ನು 103 ಡಿಗ್ರಿಯಲ್ಲಿ 17 ಗಂಟೆ ಇಟ್ಟು ತೂಕದ ಇಳಿಕೆ ನೋಡುವುದು ಪ್ರಯೋಗಾಲಯದ ಕ್ರಮ. ಜಾಡಿಯೊಳಗೆ ಸಣ್ಣ ಹೈಗ್ರೋಮೀಟರ್ ಇಟ್ಟು, ಜೆಲ್ ತೆಗೆದ ಮೇಲೂ ಒಂದು ದಿನ 15–20% ಆರ್ದ್ರತೆಯಲ್ಲೇ ನಿಂತರೆ ಬೀಜ ಒಣಗಿದೆ ಎನ್ನಬಹುದು.

ಒಣಗಿದ ಬೀಜವನ್ನು ಅಲ್ಯೂಮಿನಿಯಂ ಪದರದ ಚೀಲಗಳಲ್ಲಿ 200ರಂತೆ ಸೀಲ್ ಮಾಡಿ ಮೈನಸ್ 18 ಡಿಗ್ರಿಯಲ್ಲಿಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜೀನ್ ಬ್ಯಾಂಕ್ ಮಾನದಂಡ ಹೇಳುವುದೂ ಅದೇ ಉಷ್ಣತೆ. ಸಣ್ಣ ಚೀಲಗಳೇಕೆಂದರೆ, ಒಮ್ಮೆ ತೆರೆದ ಚೀಲವನ್ನು ಮತ್ತೆ ಫ್ರೀಜರಿಗೆ ಇಡುವಂತಾಗಬಾರದು. ತೆಗೆದ ಚೀಲ ಕೋಣೆಯ ಉಷ್ಣತೆಗೆ ಬರುವವರೆಗೆ, ಒಂದು ರಾತ್ರಿ, ಸೀಲ್ ಒಡೆಯಬೇಡಿ. ತಣ್ಣನೆಯ ಬೀಜದ ಮೇಲೆ ಗಾಳಿಯ ನೀರು ಕೂತು ಎಲ್ಲ ಶ್ರಮವನ್ನೂ ಹಾಳು ಮಾಡುತ್ತದೆ. ಇಡುವ ಮೊದಲು 100 ಬೀಜದ ಮೊಳಕೆ ಪರೀಕ್ಷೆ ಮಾಡಿ: ಒದ್ದೆ ಕಾಗದದ ನಡುವೆ, 20–30 ಡಿಗ್ರಿಯಲ್ಲಿ, ಏಳನೇ ದಿನ ಅಂತಿಮ ಎಣಿಕೆ. ಬೀಜ ಕಡಿಮೆಯಿದ್ದರೆ 50 ಸಾಕು. ಐದು ವರ್ಷಕ್ಕೊಮ್ಮೆ ಮತ್ತೆ ನೋಡಿ. ಮೊದಲ ಎಣಿಕೆಯ 85%ಕ್ಕಿಂತ ಕೆಳಗಿಳಿದರೆ, ಅಂದರೆ ಮೊದಲು 92 ಬಂದಿದ್ದು ಈಗ 78 ಬಂದರೆ, ಮರುಬಿತ್ತನೆಯ ಹೊತ್ತು. ಇನ್ನೂ ಅರ್ಧ ಮೊಳೆಯುತ್ತದಲ್ಲ ಎಂದು ಕಾಯಬೇಡಿ. ಹಳೆಯದಾದಂತೆ ಸಾಯುವ ಬೀಜಗಳು ಎಲ್ಲ ಗಿಡಗಳಿಂದ ಸಮನಾಗಿ ಸಾಯುವುದಿಲ್ಲ. ಕೆಲವು ತಾಯಿಗಳ ಸಂತತಿಯೇ ಪೂರ್ತಿ ಹೋಗಿಬಿಡುತ್ತದೆ.

1970ರ ದಶಕದ ಬೀಜ ಯಾರದೋ ಡಬ್ಬಿಯಲ್ಲಿ ಸಿಕ್ಕಿತೆಂಬ ಸುದ್ದಿ ಆಗಾಗ ಬರುತ್ತದೆ. ಸಾಮಾನ್ಯ ಕೋಣೆಯಲ್ಲಿ ಇಟ್ಟಿದ್ದರೆ ಅದು ಹೆಚ್ಚು ಕಡಿಮೆ ಸತ್ತ ಬೀಜ. ಮಣ್ಣಿಗೆ ಹಾಕಿ ಕಳೆದುಕೊಳ್ಳುವ ಬದಲು ಅಂಗಾಂಶ ಕೃಷಿ ಪ್ರಯೋಗಾಲಯಕ್ಕೆ ಕೊಟ್ಟು ಭ್ರೂಣ ಬಿಡಿಸಿ ಬೆಳೆಸಲು ಯತ್ನಿಸಬಹುದು. ಬಂದ ಎರಡು ಗಿಡಗಳಿಂದ ತಳಿ ಮರುಹುಟ್ಟು ಪಡೆಯಿತೆಂದು ಹೇಳಿಕೊಳ್ಳುವುದು ಬೇಡ. ಅವುಗಳ ಡಿಎನ್‌ಎ, ಇಂದಿನ ಹೊಲಗಳ ಮಾದರಿಯನ್ನು ಅಳೆಯುವ ಮಾನದಂಡವಾಗಿ ಬಹಳ ಉಪಯೋಗಕ್ಕೆ ಬರುತ್ತದೆ. ಮೆಕ್ಸಿಕೋ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಸ್ಯಸಂಗ್ರಹದಂಥ ಕಡೆ ಒತ್ತಿ ಒಣಗಿಸಿಟ್ಟ ಹಳೆಯ ಮಾದರಿಗಳ ಬೆಲೆಯೂ ಅದೇ. ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಸಂಸ್ಥೆಯಂಥ ದೊಡ್ಡ ಜೀನ್ ಬ್ಯಾಂಕುಗಳಲ್ಲಿ ಇರುವುದು ಬಹುಪಾಲು ನಾರಿನ ಹೆಂಪು. ಅಲ್ಲಿ ಗೆರೆರೋದ ಬೀಜ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಕೊನೆಗೆ ಕೈಗೆ ಬಂದ ಬೀಜವನ್ನು ಮೂರು ಪಾಲು ಮಾಡಿ. ಒಂದು, ನಿಮ್ಮ ಸಂಸ್ಥೆಯ ಫ್ರೀಜರಿಗೆ. ಇನ್ನೊಂದು ಬೇರೆ ಊರಿನಲ್ಲಿ ಸುರಕ್ಷಿತ ನಕಲಾಗಿ. ನಿಮಗೆ ಹತ್ತಿರವೇ, ಹಲಿಸ್ಕೋ ರಾಜ್ಯದ ತೆಪಾತಿತ್ಲಾನ್‌ನಲ್ಲಿ 2012ರಿಂದ ಮೆಕ್ಸಿಕೋದ ರಾಷ್ಟ್ರೀಯ ತಳಿಸಂಪತ್ತು ಕೇಂದ್ರವಿದೆ, ಸಂಸ್ಥೆಯ ಮೂಲಕ ಅಧಿಕೃತವಾಗಿ ಕೇಳಿ ನೋಡಿ. ಮೂರನೆಯದು, ಕಾನೂನು ಅವಕಾಶ ಕೊಡುವ ದಿನ ಬಂದಾಗ ಬೀಜ ಕೊಟ್ಟ ಊರಿಗೇ ಹಿಂತಿರುಗಿಸಲು. ಬೀಜ ಪಡೆಯುವಾಗಲೇ, ಮುಂದೆ ಯಾರಾದರೂ ಇದರಿಂದ ಲಾಭ ಮಾಡಿದರೆ ಊರಿಗೆ ಏನು ಸಿಗಬೇಕೆಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಮೆಕ್ಸಿಕೋ ಸಹಿ ಹಾಕಿರುವ, 2014ರ ಅಕ್ಟೋಬರಿನಿಂದ ಜಾರಿಯಲ್ಲಿರುವ, ತಳಿಸಂಪತ್ತಿನ ಲಾಭ ಹಂಚಿಕೆಯ ಅಂತರರಾಷ್ಟ್ರೀಯ ಒಪ್ಪಂದವಾದ ನಗೋಯಾ ಶಿಷ್ಟಾಚಾರದ ತಿರುಳೂ ಇದೇ. ರೈತನ ಹೆಸರು ಬಾರದಂತೆ ಒಪ್ಪಂದವನ್ನು ಸಂಘಟನೆಯ ಹೆಸರಿನಲ್ಲಿ ಮಾಡಬಹುದು.

ಊರಿಗೆ ತರುವ ಪ್ರಶ್ನೆಗೆ ಉತ್ತರ: ಬೇಡ. ನಮ್ಮ 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ, ಹೂತುದಿ ಜತೆಗಿಲ್ಲದ ಬರೀ ಬೀಜವನ್ನು ‘ಗಾಂಜಾ’ ಎಂದು ಕರೆಯುವುದಿಲ್ಲ ಎಂಬುದು ನಿಜ. ಅದನ್ನೇ ಹಿಡಿದುಕೊಂಡು ವಾದಿಸುವವರಿದ್ದಾರೆ. ಆದರೆ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆಸಿದರೂ 20ನೇ ಕಲಮಿನಡಿ ಹತ್ತು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಯಾವುದೇ ಬಿತ್ತನೆ ಬೀಜ ದೇಶದೊಳಗೆ ಬರಲು 2003ರ ಸಸ್ಯ ದಿಗ್ಬಂಧನ ಆದೇಶದಂತೆ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು. ಗಾಂಜಾ ಬೀಜಕ್ಕೆ ಖಾಸಗಿ ಪ್ರಯಾಣಿಕರೊಬ್ಬರಿಗೆ ಅವೆರಡೂ ಸಿಗುವ ಮಾತಲ್ಲ. ಅಲ್ಲದೆ ಪರಾಗ ಗಾಳಿಯಲ್ಲಿ ಹಾರುವ ಬೆಳೆ ಇದು. ಮೆಕ್ಸಿಕೋದ ಗಿಡ ಇಲ್ಲಿಗೆ ಬಂದರೆ ಅಲ್ಲಿ ಕ್ಯಾಲಿಫೋರ್ನಿಯಾದ ಹೈಬ್ರಿಡ್ ಮಾಡಿದ್ದನ್ನೇ ಇಲ್ಲಿಯ ಕಾಡುಗಾಂಜಾಕ್ಕೆ ಮಾಡುತ್ತದೆ. ವಿಮಾನ ಹತ್ತುವ ಮುನ್ನ ಕೋಟು, ಚೀಲಗಳ ಹೊಲಿಗೆ ಸಂದಿಯನ್ನೂ ಒಮ್ಮೆ ಝಾಡಿಸಿ ನೋಡಿ. ಹೊಲಕ್ಕೆ ಹೋಗಿ ಬಂದವರ ಸಾಮಾನಿನಲ್ಲಿ ಒಂದೆರಡು ಬೀಜ ಎಲ್ಲಾದರೂ ಸಿಕ್ಕಿಕೊಂಡಿರುತ್ತದೆ.